ಬೇಳೆ ಬೇಯದ ನೀರು ಗೀಸರ್‌ ಸೇರಿದಾಗ

ಚಳ್ಳಕೆರೆ ಸೀಮೆಯ ನಮ್ಮ ಅಜ್ಜಿ ಹೊಸ ಬಾವಿಯ ನೀರನ್ನು ಕುಡಿದು ನೋಡಿ ತೀರ್ಪು ಕೊಡುತ್ತಿರಲಿಲ್ಲ. ಒಂದು ಹಿಡಿ ತೊಗರಿಬೇಳೆ ಬೇಯಲು ಇಡುತ್ತಿದ್ದಳು. ಬೇಳೆ ಕರಗಿ ಹಣ್ಣಾದರೆ ಅದು ಸಿಹಿನೀರು. ಎಷ್ಟು ಕಟ್ಟಿಗೆ ಉರಿದರೂ ಬೇಳೆ ಬೇಳೆಯಾಗಿಯೇ ಉಳಿದರೆ ಆ ನೀರು ದನಕರುಗಳ ಪಾಲು.

ಅಜ್ಜಿಯ ಪರೀಕ್ಷೆಯಲ್ಲಿ ನಿಜವಾದ ರಸಾಯನಶಾಸ್ತ್ರವಿತ್ತು. ಬೇಳೆಯ ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವುದು ಪೆಕ್ಟಿನ್ ಎಂಬ ವಸ್ತು. ಕುದಿಯುವಾಗ ಅದು ಕರಗಬೇಕು. ನೀರಿನಲ್ಲಿ ಕ್ಯಾಲ್ಸಿಯಂ ಹೆಚ್ಚಿದ್ದರೆ ಅದು ಪೆಕ್ಟಿನ್ನಿನ ಎಳೆಗಳ ನಡುವೆ ಸೇರಿ ಗಂಟು ಬಿಗಿಯುತ್ತದೆ. ಚಿಟಿಕೆ ಅಡುಗೆ ಸೋಡಾ ಹಾಕಿದರೆ ಆ ಗಂಟು ಸಡಿಲವಾಗುತ್ತದೆ ಎಂಬುದು ನಮ್ಮ ಅಡುಗೆಮನೆಗಳಿಗೆ ಯಾವತ್ತೋ ತಿಳಿದಿತ್ತು.

ಈಗ ಚಿತ್ರದುರ್ಗದ ನಮ್ಮ ಮನೆಯಲ್ಲಿ ಬೇಳೆಗೆ ಫಿಲ್ಟರ್ ನೀರಿದೆ. ಆದರೆ ಸ್ನಾನಕ್ಕೆ, ಬಟ್ಟೆಗೆ ಕೊಳವೆಬಾವಿಯ ನೀರೇ ಗತಿ. ಕಳೆದ ಚಳಿಗಾಲದಲ್ಲಿ ಗೀಸರ್ ಒಳಗೆ ಯಾರೋ ಕಡಲೆಕಾಯಿ ಹುರಿಯುತ್ತಿರುವಂಥ ಸದ್ದು ಶುರುವಾಯಿತು. ತಿಂಗಳೊಳಗೆ ಕಾಯಿಲ್ ಸುಟ್ಟುಹೋಯಿತು. ಮೆಕ್ಯಾನಿಕ್ ಬಿಚ್ಚಿ ತೋರಿಸಿದಾಗ ಬೆರಳು ಗಾತ್ರದ ಕಾಯಿಲ್ ಮಣಿಕಟ್ಟಿನಷ್ಟು ದಪ್ಪವಾಗಿತ್ತು. ತಳದಿಂದ ಅರ್ಧ ಬಕೆಟ್ ಬಿಳಿ ಹಕ್ಕಳೆ ಹೊರಬಂತು. "ಐದು ವರ್ಷದಿಂದ ಸುಣ್ಣ ಬೇಯಿಸಿದ್ದೀರಿ ಸಾರ್" ಎಂದ. ಅವನ ಮಾತು ಅಕ್ಷರಶಃ ಸರಿ.

ಮಳೆನೀರಿಗೆ ಗಡಸುತನವೇ ಇಲ್ಲ, ಅಂದರೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಅದರಲ್ಲಿ ಹೆಚ್ಚುಕಡಿಮೆ ಕರಗಿರುವುದೇ ಇಲ್ಲ. ಅದು ಮಣ್ಣಿನೊಳಗೆ ಇಳಿಯುವಾಗ, ಬೇರುಗಳೂ ಸೂಕ್ಷ್ಮಜೀವಿಗಳೂ ಉಸಿರಾಡಿ ಬಿಟ್ಟ ಇಂಗಾಲದ ಡೈಆಕ್ಸೈಡ್ ಕರಗಿಸಿಕೊಂಡು ತೀರಾ ಸೌಮ್ಯವಾದ ಆಮ್ಲವಾಗುತ್ತದೆ. ಈ ಆಮ್ಲ ಬಂಡೆಯೊಳಗಿನ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಬೈಕಾರ್ಬೊನೇಟ್ ರೂಪದಲ್ಲಿ ನೀರಿಗೆ ಎಳೆದುಕೊಳ್ಳುತ್ತದೆ. ನಮ್ಮದು ಗಟ್ಟಿ ಬಂಡೆಯ ಜಿಲ್ಲೆ. ಹೊಸದುರ್ಗದ ಕಡೆ ಸುಣ್ಣದಕಲ್ಲಿನ ನಿಕ್ಷೇಪಗಳೇ ಇವೆ. ಮಳೆ ಕಡಿಮೆ, ಬಿಸಿಲು ಜಾಸ್ತಿ. ಬಂಡೆಯ ಬಿರುಕುಗಳಲ್ಲಿ ವರ್ಷಗಟ್ಟಲೆ ನಿಂತ ನೀರು ಖನಿಜಗಳಿಂದ ದಟ್ಟವಾಗುತ್ತದೆ. ಇಲ್ಲಿಂದ ಅರವತ್ತು ಕಿಲೋಮೀಟರ್ ಆಚೆಯ ದಾವಣಗೆರೆಯಲ್ಲಿ ನಲ್ಲಿಗೆ ತುಂಗಭದ್ರೆ ಬಂದ ದಿನ ಸೋಪಿಗೆ ನೊರೆ ಉಕ್ಕುತ್ತದೆ, ಬೋರ್ ನೀರು ಬಿಟ್ಟ ದಿನ ತಿಕ್ಕಿ ತಿಕ್ಕಿ ಕೈ ಸೋಲುತ್ತದೆ. ಮಲೆನಾಡಿನ ಮಳೆ ಬಂಡೆಗಳ ಜೊತೆ ಹೆಚ್ಚು ಕಾಲ ಕಳೆಯದೆ ಹೊಳೆಯಾಗಿ ಹರಿದುಬರುವುದೇ ಈ ವ್ಯತ್ಯಾಸಕ್ಕೆ ಕಾರಣ.

ಸಕ್ಕರೆ ಬಿಸಿ ನೀರಿನಲ್ಲಿ ಹೆಚ್ಚು ಕರಗುತ್ತದೆ. ಸುಣ್ಣದ ಸ್ವಭಾವ ತದ್ವಿರುದ್ಧ. ನೀರು ಕಾದಂತೆ ಇಂಗಾಲದ ಡೈಆಕ್ಸೈಡ್ ಹಾರಿಹೋಗಿ, ಕರಗಿದ್ದ ಬೈಕಾರ್ಬೊನೇಟ್ ಮತ್ತೆ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ, ಅಂದರೆ ಕಲ್ಲಾಗುತ್ತದೆ. ಅದೂ ಎಲ್ಲಿ ಬಿಸಿ ಹೆಚ್ಚೋ ಅಲ್ಲೇ ಅಂಟುತ್ತದೆ. ಸಣ್ಣ ಲೆಕ್ಕ ಹಾಕೋಣ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದ ಕಡೆ 600ರವರೆಗೆ ಒಪ್ಪಬಹುದು. ನಿಮ್ಮ ಬೋರ್ ನೀರಿನಲ್ಲಿ 500 ಇದೆ, ದಿನಕ್ಕೆ 50 ಲೀಟರ್ ಕಾಯಿಸುತ್ತೀರಿ ಎಂದುಕೊಳ್ಳಿ. ಗೀಸರ್ ಮೂಲಕ ದಿನವೂ 25 ಗ್ರಾಂ ಹಾದುಹೋಗುತ್ತದೆ. ಅದರಲ್ಲಿ ಹತ್ತನೇ ಒಂದು ಪಾಲು ಮಾತ್ರ ಒಳಗೆ ಉಳಿದರೂ ವರ್ಷಕ್ಕೆ ಸುಮಾರು 900 ಗ್ರಾಂ ಕಲ್ಲು.

ಸುಣ್ಣ ಕಟ್ಟಿದರೆ ವಿದ್ಯುತ್ ಬಿಲ್ ಏರುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಒಲೆಯ ಮೇಲಿನ ಹಂಡೆಗೆ, ಗ್ಯಾಸ್ ಗೀಸರಿಗೆ ಈ ಮಾತು ನಿಜ, ಏಕೆಂದರೆ ನೀರಿಗೆ ಸೇರದ ಶಾಖ ಗಾಳಿಗೆ ಹೋಗುತ್ತದೆ. ವಿದ್ಯುತ್ ಗೀಸರಿನ ಕಾಯಿಲ್ ನೀರಿನೊಳಗೇ ಮುಳುಗಿರುವುದರಿಂದ ಶಾಖ ತಡವಾಗಿಯಾದರೂ ಬಹುಪಾಲು ನೀರನ್ನೇ ಸೇರುತ್ತದೆ. ನಷ್ಟವಾಗುವುದು ಕಾಯಿಲ್‌ಗೆ. ಹಕ್ಕಳೆಯ ಕಂಬಳಿ ಹೊದ್ದ ಅದು ತನ್ನ ಬಿಸಿಯನ್ನು ಬಿಟ್ಟುಕೊಡಲಾರದೆ ಕೆಂಪಗೆ ಕಾದು ಸುಡುತ್ತದೆ. ಹಕ್ಕಳೆಯ ಸಂದಿಗೆ ಸಿಕ್ಕ ನೀರು ಆವಿಯಾಗಿ ಸಿಡಿಯುವುದೇ ಆ ಕಡಲೆಕಾಯಿ ಹುರಿಯುವ ಸದ್ದು. ಅದನ್ನು ಕೇಳಿದ ಕೂಡಲೇ ಮೆಕ್ಯಾನಿಕ್‌ನನ್ನು ಕರೆಸಿ. ನಾನು ಕರೆಸಲಿಲ್ಲ.

ವಾಷಿಂಗ್ ಮೆಷಿನ್ನಿನಲ್ಲಿ ಬಿಸಿನೀರಿನ ಆಯ್ಕೆ ಬಳಸಿದರೆ ಅದರ ಹೀಟರ್‌ಗೂ ಇದೇ ಪಾಡು. ಸಾಲದ್ದಕ್ಕೆ ಸಾಬೂನು ಕ್ಯಾಲ್ಸಿಯಂ ಜೊತೆ ಸೇರಿ ಮೊಸರಿನಂಥ ಗಸಿಯಾಗಿ ಬಟ್ಟೆಯ ನೂಲಿಗೆ ಅಂಟುತ್ತದೆ. ಬಿಳಿ ಪಂಚೆ ಬೂದುಬಣ್ಣಕ್ಕೆ ತಿರುಗುವುದು ಹೀಗೆ. ಸೋಲಾರ್‌ನ ಸಪೂರ ತಾಮ್ರದ ಕೊಳವೆಗಳು ಒಳಗೊಳಗೇ ಕಟ್ಟಿಕೊಳ್ಳುತ್ತವೆ. ಇನ್ವರ್ಟರ್ ಬ್ಯಾಟರಿಗೆ ಮಾತ್ರ ಈ ನೀರನ್ನು ಯಾವ ಕಾರಣಕ್ಕೂ ಹಾಕಬೇಡಿ, ಭಟ್ಟಿ ಇಳಿಸಿದ ನೀರೇ ಬೇಕು.

ಗೀಸರಿನಲ್ಲಿ ನೀರು ಎಷ್ಟು ಕಾಯಬೇಕೆಂದು ನಿಗದಿ ಮಾಡುವ ಥರ್ಮೋಸ್ಟಾಟ್ ಅನ್ನು 75 ಡಿಗ್ರಿಯಿಂದ 60ಕ್ಕೆ ಇಳಿಸಿದರೆ ಸುಣ್ಣ ಕಟ್ಟುವ ವೇಗ ತಗ್ಗುತ್ತದೆ. ಹೇಗೂ ನಾವು ತಣ್ಣೀರು ಬೆರೆಸಿಯೇ ಮೀಯುವುದು. ವರ್ಷಕ್ಕೊಮ್ಮೆ ಬಿಚ್ಚಿಸಿ ಶುದ್ಧ ಮಾಡಿಸಿ, ತುಕ್ಕು ತಡೆಯುವ ಮೆಗ್ನೀಸಿಯಂ ಕಡ್ಡಿ ಸವೆದಿದ್ದರೆ ಬದಲಿಸಿ. ಕಕ್ಕಸು ತೊಳೆಯುವ ಆಸಿಡ್ ಹತ್ತಿರವೂ ಬೇಡ. ಅದು ಸುಣ್ಣದ ಜೊತೆ ಲೋಹವನ್ನೂ ತಿನ್ನುತ್ತದೆ. ತಾಮ್ರದ ಹಂಡೆಯ ಕಪ್ಪಿಗೆ ಹುಣಸೆಹಣ್ಣು ಸರಿ, ಆದರೆ ಸುಣ್ಣಕ್ಕೆ ಅಷ್ಟು ಒಗ್ಗುವುದಿಲ್ಲ. ಅದರ ಹುಳಿ ಕ್ಯಾಲ್ಸಿಯಂ ಜೊತೆ ಸೇರಿದಾಗ ನೀರಿನಲ್ಲಿ ಸರಿಯಾಗಿ ಕರಗದ ಲವಣವಾಗುತ್ತದೆ. ನಲ್ಲಿಯ ಜರಡಿ, ಶವರ್, ಕೆಟಲ್‌ಗಳಿಗೆ ಉಗುರುಬೆಚ್ಚಗಿನ ನೀರಿನಲ್ಲಿ ಕದಡಿದ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಸಾಕು.

ಗಡಸುತನ ತೆಗೆಯುವ ಯಂತ್ರಗಳು ಕ್ಯಾಲ್ಸಿಯಂ ಹಿಡಿದಿಟ್ಟು ಸೋಡಿಯಂ ಬಿಡುತ್ತವೆ. ಸ್ನಾನಕ್ಕೆ, ಬಟ್ಟೆಗೆ ಒಳ್ಳೆಯವು. ರಕ್ತದೊತ್ತಡ ಇರುವವರು ಆ ನೀರನ್ನು ಕುಡಿಯದಿರುವುದು ಮೇಲು. ನಮ್ಮ ಜಿಲ್ಲೆಯ ಇನ್ನೊಂದು ಕಾಟವಾದ ಫ್ಲೋರೈಡ್ ಈ ಯಂತ್ರಗಳಿಂದಲೂ ಹೋಗದು, ಕುದಿಸಿದರೂ ಹೋಗದು. ಇದನ್ನು ಮರೆಯಬಾರದು.

ನಾನು ಈ ಬಾರಿ ತಾರಸಿಯ ಮಳೆನೀರನ್ನು ನೆಲದಡಿಯ ಸಂಪ್‌ಗೆ ತಿರುಗಿಸಿದ್ದೇನೆ. ಕೋಟೆಯ ಕಲ್ಲುಬೆಟ್ಟದ ಮೇಲೆ ಬಿದ್ದ ಮಳೆಯನ್ನು ಹೊಂಡದಿಂದ ಹೊಂಡಕ್ಕೆ ಇಳಿಸಿ ಕಾಪಾಡಿಕೊಂಡ ದುರ್ಗದವರು ಅದರಲ್ಲೊಂದಕ್ಕೆ ಸಿಹಿನೀರು ಹೊಂಡ ಎಂದೇ ಹೆಸರಿಟ್ಟರು. ಗೀಸರಿನಿಂದ ತೆಗೆದ ಒಂದು ಹಕ್ಕಳೆಯನ್ನು ಮಾತ್ರ ಮಗಳಿಗೆಂದು ಎತ್ತಿಟ್ಟಿದ್ದೆ. ಅವಳು ಅದರ ಮೇಲೆ ನಿಂಬೆಹಣ್ಣು ಹಿಂಡಿದಳು. ಹಕ್ಕಳೆ ನೊರೆಗುಟ್ಟಿತು. ಗುಳ್ಳೆಗಳು ಒಂದೊಂದಾಗಿ ಒಡೆಯುವುದನ್ನು ಅವಳು ಬಟ್ಟಲಿಗೆ ಕಿವಿಯಿಟ್ಟು ಕೇಳುತ್ತ ಕುಳಿತಳು.