ಕೋಟಿಗಟ್ಟಲೆ ಇರುವವರಿಗೆ ನಮ್ಮ ಕಷ್ಟ ತಿಳಿಯುತ್ತದಾ?

ಓದುಗರ ಪ್ರಶ್ನೆ: ನೂರಾರು ಕೋಟಿ ಆಸ್ತಿ ಘೋಷಿಸಿಕೊಂಡವರು ಚುನಾವಣೆಗೆ ನಿಲ್ಲುತ್ತಾರೆ. ತಿಂಗಳ ಕೊನೆಯ ವಾರವನ್ನು ಹೇಗೋ ತಳ್ಳುವವರ ಕಷ್ಟ ಇವರಿಗೆ ಅರ್ಥವಾಗುತ್ತದಾ ಸರ್? ಇನ್ನೊಂದು ಮಾತೂ ಇದೆ. ಮೊದಲೇ ಉಳ್ಳವರು ಗೆದ್ದರೆ ತಿನ್ನುವುದಿಲ್ಲ, ಅಂಥವರೇ ವಾಸಿ ಅಂತಾರೆ. ಇದು ನಿಜವಾ?

ಉತ್ತರ: ಚುನಾವಣೆ ಘೋಷಣೆಯಾಗುವುದೇ ತಡ, ಈ ಪ್ರಶ್ನೆ ಬಂದು ನಿಲ್ಲುತ್ತದೆ. ಮೊದಲ ಭಾಗಕ್ಕೆ ನನ್ನ ಉತ್ತರ: ಅರ್ಥವಾಗಬಹುದು, ಆದರೆ ತಾನಾಗಿಯೇ ಆಗುವುದಿಲ್ಲ. ಎರಡನೆಯ ಭಾಗಕ್ಕೆ: ಶುದ್ಧ ಸುಳ್ಳು. ಆ ಸುಳ್ಳನ್ನು ಎಷ್ಟು ಸಲ ಮಲಗಿಸಿದರೂ ಮತ್ತೆ ಎದ್ದು ಕೂರುತ್ತದೆ. ಹಾಗಾಗಿ ಈ ಸಲ ಅದಕ್ಕೆ ಸ್ವಲ್ಪ ಹೆಚ್ಚು ಜಾಗ ಕೊಡುತ್ತೇನೆ. ಅದಕ್ಕೆ ಮೊದಲು ಅರ್ಥವಾಗುವ ವಿಚಾರ ಮುಗಿಸಿಬಿಡೋಣ.

ಪತ್ರಕರ್ತರಿಗೆ ಒಂದು ಚಟವಿದೆ. ಶ್ರೀಮಂತ ಅಭ್ಯರ್ಥಿ ಸಿಕ್ಕಿದ ಕೂಡಲೇ ಹಾಲಿನ ದರ ಎಷ್ಟು, ಬ್ರೆಡ್ಡಿನ ದರ ಎಷ್ಟು ಎಂದು ಕೇಳುವುದು. ತಪ್ಪು ಹೇಳಿದರೆ ಮರುದಿನ ಅದೇ ಸುದ್ದಿ. 2013ರಲ್ಲಿ ಬ್ರಿಟನ್ನಿನ ಪ್ರಧಾನಿ ಡೇವಿಡ್ ಕ್ಯಾಮರಾನ್ ಬ್ರೆಡ್ ವಿಚಾರದಲ್ಲಿ ಹೀಗೆಯೇ ಸಿಕ್ಕಿಬಿದ್ದರು. 1992ರಲ್ಲಿ ಅಮೆರಿಕದ ಅಧ್ಯಕ್ಷ ಜಾರ್ಜ್ ಬುಷ್ (ಮಗನಲ್ಲ, ಅಪ್ಪ) ಸೂಪರ್ ಮಾರ್ಕೆಟ್ಟಿನ ಬಾರ್‌ಕೋಡ್ ಸ್ಕ್ಯಾನರ್ ಕಂಡು ಬೆರಗಾದರು, ಪಾಪ ಅವರಿಗೆ ಅಂಗಡಿಯೇ ಗೊತ್ತಿಲ್ಲ ಎಂದು ದೇಶವೆಲ್ಲ ನಕ್ಕಿತು. ಅಲ್ಲಿ ನಡೆದದ್ದೇ ಬೇರೆ. ಅದೊಂದು ವ್ಯಾಪಾರಿಗಳ ಸಮಾವೇಶ. ಹರಿದುಹೋದ ಬಾರ್‌ಕೋಡನ್ನೂ ಓದಬಲ್ಲ ಹೊಸ ಯಂತ್ರವನ್ನು ಅವರಿಗೆ ತೋರಿಸುತ್ತಿದ್ದರು. ಆ ಸುದ್ದಿ ಬರೆದ ವರದಿಗಾರ ಸ್ಥಳದಲ್ಲಿ ಇರಲೇ ಇಲ್ಲ. ಕಥೆ ಮಾತ್ರ ಇವತ್ತಿಗೂ ಓಡಾಡಿಕೊಂಡಿದೆ. ದರ ಬಾಯಿಪಾಠ ಮಾಡಿಸಲು ಒಬ್ಬ ಆಪ್ತ ಸಹಾಯಕ ಸಾಕು. ಅದರಿಂದ ಏನೂ ಸಾಬೀತಾಗುವುದಿಲ್ಲ.

ನೋಡಬೇಕಾದದ್ದು ಅಧಿಕಾರ ಸಿಕ್ಕ ಮೇಲೆ ಏನು ಮಾಡಿದರು ಎಂಬುದನ್ನು. ಫ್ರಾಂಕ್ಲಿನ್ ರೂಸ್‌ವೆಲ್ಟ್ ಹುಟ್ಟಾ ಶ್ರೀಮಂತ. ದುಡಿದು ಉಣ್ಣಬೇಕಾದ ಅಗತ್ಯ ಆ ಮನುಷ್ಯನಿಗೆ ಎಂದೂ ಬರಲಿಲ್ಲ. ಆದರೆ ಅಮೆರಿಕದಲ್ಲಿ ಮುದುಕರಿಗೆ ಪಿಂಚಣಿ ತಂದ ಸಾಮಾಜಿಕ ಭದ್ರತಾ ಕಾಯ್ದೆ (1935) ಅವರ ಕಾಲದ್ದು. ದೇಶದ ಕನಿಷ್ಠ ಕೂಲಿ ಕಾಯ್ದೆ (1938) ಕೂಡ ಅವರ ಕಾಲದ್ದೇ. ನಮ್ಮಲ್ಲಿ ದೇವರಾಜ ಅರಸು ಅವರನ್ನು ನೆನೆಯಿರಿ. ಅವರು ಕೋಟ್ಯಧಿಪತಿಯೇನಲ್ಲ, ಆದರೆ ಮೈಸೂರು ರಾಜಮನೆತನದ ನಂಟಿದ್ದ ಅರಸು ಮನೆತನದವರು, ಗೇಣಿದಾರರ ಮಗನಲ್ಲ. ‘ಉಳುವವನೇ ಹೊಲದೊಡೆಯ’ ಎಂಬುದನ್ನು ಘೋಷಣೆಯಿಂದ ಕಾನೂನಿಗೆ ಇಳಿಸಿದ ತಿದ್ದುಪಡಿ ಜಾರಿಗೆ ಬಂದದ್ದು 1974ರ ಮಾರ್ಚ್ 1ರಂದು, ಅವರು ಮುಖ್ಯಮಂತ್ರಿಯಾಗಿದ್ದಾಗ.

ಇಲ್ಲಿಗೆ ನಿಲ್ಲಿಸಿ, ‘ನೋಡಿ, ಒಳ್ಳೆಯ ಮನಸ್ಸಿದ್ದರೆ ಸಾಕು’ ಎಂದು ಓಡಿಬಿಡಬೇಡಿ. ರೂಸ್‌ವೆಲ್ಟ್ ಪಕ್ಕದಲ್ಲಿ ಕಾರ್ಮಿಕ ಸಚಿವೆ ಫ್ರಾನ್ಸಿಸ್ ಪರ್ಕಿನ್ಸ್ ಇದ್ದರು. 1911ರಲ್ಲಿ ನ್ಯೂಯಾರ್ಕಿನ ಟ್ರಯಾಂಗಲ್ ಬಟ್ಟೆ ಕಾರ್ಖಾನೆಗೆ ಬೆಂಕಿ ಬಿದ್ದು 146 ಕೆಲಸಗಾರರು ಸತ್ತದ್ದನ್ನು ಆಕೆ ಕಣ್ಣಾರೆ ಕಂಡವರು. ಹೊರಗೆ ಬೀದಿಯಲ್ಲಿ ಮುಷ್ಕರಗಳಿದ್ದವು. ಅರಸು ಅವರ ಕಾನೂನಿಗೂ ಇಪ್ಪತ್ತು ವರ್ಷಕ್ಕೂ ಹಿಂದೆ, 1951ರಲ್ಲೇ, ಶಿವಮೊಗ್ಗ ಜಿಲ್ಲೆಯ ಕಾಗೋಡಿನ ಗೇಣಿದಾರರು ಗೇಣಿ ಭತ್ತ ಅಳೆಯುವ ಕೊಳಗದ ಅನ್ಯಾಯಕ್ಕೆ ಎದುರು ನಿಂತು ಜೈಲಿಗೆ ಹೋಗಿದ್ದರು. ಉಳ್ಳವನಿಗೆ ಕಷ್ಟ ಅರ್ಥವಾಗಬೇಕಾದರೆ ಅದನ್ನು ಕಿವಿಗೆ ಹಾಕುವವರು ಹತ್ತಿರ ಇರಬೇಕು, ಕೇಳಿಸಿಕೊಳ್ಳದಿದ್ದರೆ ಕುರ್ಚಿ ಅಲುಗಾಡುತ್ತದೆ ಎಂಬ ಭಯವೂ ಇರಬೇಕು.

ಮತ್ತೊಂದು. ಒಬ್ಬ ಶ್ರೀಮಂತನ ಮನಸ್ಸು ಹೇಗೆ ಎಂದು ಕೇಳುವುದಕ್ಕಿಂತ, ಇಡೀ ಸದನ ಶ್ರೀಮಂತರಿಂದಲೇ ತುಂಬಿದರೆ ಏನಾಗುತ್ತದೆ ಎಂದು ಕೇಳುವುದು ಹೆಚ್ಚು ಉಪಯೋಗದ್ದು. ಅಮೆರಿಕದ ರಾಜ್ಯಶಾಸ್ತ್ರಜ್ಞ ನಿಕೋಲಸ್ ಕಾರ್ನ್ಸ್ ಲೆಕ್ಕ ಹಾಕಿದಾಗ, ಆ ದೇಶದ ದುಡಿಯುವವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಕೂಲಿ, ಕಾರ್ಖಾನೆ, ಅಂಗಡಿ ಕೆಲಸದವರು. ಸಂಸತ್ತಿನಲ್ಲಿ ಅಂಥ ಕೆಲಸದಿಂದ ಬಂದವರು ಶೇಕಡಾ ಎರಡರ ಆಸುಪಾಸು. ಒಂದೇ ಪಕ್ಷದೊಳಗೂ ಇವರು ಆರ್ಥಿಕ ವಿಚಾರಗಳಲ್ಲಿ ಬೇರೆ ರೀತಿ ಮತ ಹಾಕುತ್ತಾರೆ ಎಂದು ಅವರು ತೋರಿಸಿದರು. ಗಮನಿಸಿ, ಅವರು ನೋಡಿದ್ದು ಮುಖ್ಯವಾಗಿ ರಾಜಕೀಯಕ್ಕೆ ಬರುವ ಮುಂಚೆ ಮಾಡುತ್ತಿದ್ದ ಕೆಲಸವನ್ನು, ಆಸ್ತಿಯನ್ನಲ್ಲ. ನಮ್ಮ ದೇಶದ ಪಂಚಾಯಿತಿಗಳಿಂದಲೂ ಇಂಥದ್ದೇ ಪಾಠವಿದೆ. ಮಹಿಳಾ ಮೀಸಲಾತಿಯಿಂದ ಹೆಂಗಸರು ಅಧ್ಯಕ್ಷರಾದ ಪಶ್ಚಿಮ ಬಂಗಾಳ, ರಾಜಸ್ಥಾನದ ಪಂಚಾಯಿತಿಗಳಲ್ಲಿ ಕುಡಿಯುವ ನೀರಿಗೆ ಹೆಚ್ಚು ಹಣ ಹೋಯಿತು. ಇದನ್ನು 2004ರಲ್ಲಿ ಪ್ರಕಟಿಸಿದವರು ರಾಘವೇಂದ್ರ ಚಟ್ಟೋಪಾಧ್ಯಾಯ ಮತ್ತು ಎಸ್ತರ್ ಡುಫ್ಲೊ. ಗಂಡಸರು ಕ್ರೂರಿಗಳೆಂದಲ್ಲ. ನೀರು ಹೊರುವ ಕೆಲಸ ಅವರದ್ದಾಗಿರಲಿಲ್ಲ, ಹಾಗಾಗಿ ತಲೆಗೆ ಹೋಗಿರಲಿಲ್ಲ, ಅಷ್ಟೆ.

ಈಗ ಮಲಗಿಸಿದರೂ ಎದ್ದು ಕೂರುವ ಆ ಸುಳ್ಳಿಗೆ, ಆ ಗಟ್ಟಿ ಪಿಂಡಕ್ಕೆ ಬರೋಣ. ‘ಹೊಟ್ಟೆ ತುಂಬಿದವನು ಯಾಕೆ ಕದಿಯುತ್ತಾನೆ?’

ವಿದ್ಯಾವಂತರೇ ಇದನ್ನು ಹೆಚ್ಚು ಹೇಳುತ್ತಾರೆ, ಅದೇ ನನಗೆ ಸೋಜಿಗ. ಕಳ್ಳತನಕ್ಕೆ ಕಾರಣ ಹಸಿವು ಎಂದು ಇವರು ಮೊದಲೇ ತೀರ್ಮಾನಿಸಿಬಿಟ್ಟಿದ್ದಾರೆ. ಹಸಿದವನು ಅಂಗಡಿಯಲ್ಲಿ ಒಂದು ಪೊಟ್ಟಣ ಎತ್ತಬಹುದು. ಟೆಂಡರ್, ಗಣಿ ಗುತ್ತಿಗೆ, ಭೂಪರಿವರ್ತನೆ, ಡಿನೋಟಿಫಿಕೇಶನ್ (ಸರ್ಕಾರ ಸ್ವಾಧೀನಕ್ಕೆಂದು ಗುರುತಿಸಿದ ಜಮೀನನ್ನು ಕೈಬಿಡುವುದು) ಇವುಗಳಲ್ಲಿ ಕೈಯಾಡಿಸಲು ಬೇಕಾದದ್ದು ಅವಕಾಶ, ಬಂಡವಾಳ, ವಕೀಲರು, ಪರಿಚಯ. ಇವೆಲ್ಲ ಯಾರ ಬಳಿ ಹೆಚ್ಚಿರುತ್ತವೆ ಎಂದು ನಾನು ಹೇಳಬೇಕೆ?

ಊಹೆ ಬಿಡಿ, ಲೆಕ್ಕ ನೋಡಿ. ಸುಪ್ರೀಂ ಕೋರ್ಟಿನ 2002 ಮತ್ತು 2003ರ ತೀರ್ಪುಗಳಿಂದಾಗಿ ನಮ್ಮ ದೇಶದಲ್ಲಿ ಪ್ರತಿ ಅಭ್ಯರ್ಥಿಯೂ ತನ್ನ, ಹೆಂಡತಿ ಅಥವಾ ಗಂಡನ, ಅವಲಂಬಿತರ ಆಸ್ತಿ, ಸಾಲ, ಕ್ರಿಮಿನಲ್ ಪ್ರಕರಣಗಳನ್ನು ಅಫಿಡವಿಟ್ಟಿನಲ್ಲಿ ಬರೆದುಕೊಡಬೇಕು. ಫಾರಂ 26 ಎಂದರೆ ಅದೇ. ಹೀಗಾಗಿ ಒಬ್ಬರೇ ಎರಡು ಚುನಾವಣೆಗೆ ನಿಂತಾಗ ಐದು ವರ್ಷದಲ್ಲಿ ಆಸ್ತಿ ಎಷ್ಟು ಬೆಳೆಯಿತು ಎಂದು ಯಾರು ಬೇಕಾದರೂ ನೋಡಬಹುದು. ಫಿಸ್ಮನ್, ಶುಲ್ಜ್, ವಿಗ್ ಎಂಬ ಮೂವರು ಅರ್ಥಶಾಸ್ತ್ರಜ್ಞರು ಭಾರತದ ಈ ಅಫಿಡವಿಟ್ಟುಗಳನ್ನೇ ಹಿಡಿದು 2014ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅವರ ಉಪಾಯ ನೋಡಿ, ಪಾಠ ಮಾಡಲು ಬಹಳ ಚೆನ್ನಾಗಿದೆ. ಗೆದ್ದವನ ಆಸ್ತಿಯೊಂದನ್ನೇ ನೋಡಿದರೆ ‘ಸೈಟಿನ ಬೆಲೆ ಏರಿತು, ನನ್ನದೇನು ತಪ್ಪು’ ಎನ್ನುತ್ತಾನೆ. ಆದ್ದರಿಂದ ಅವನನ್ನು ಅದೇ ಕ್ಷೇತ್ರದಲ್ಲಿ ಎರಡನೇ ಸ್ಥಾನದಲ್ಲಿ ಸೋತವನ ಜೊತೆ ಹೋಲಿಸಿದರು. ಸೈಟಿನ ಬೆಲೆ ಏರಿದರೆ ಇಬ್ಬರಿಗೂ ಏರುತ್ತದೆ ತಾನೆ? ಆದರೂ ಗೆದ್ದವರ ಆಸ್ತಿ ವರ್ಷಕ್ಕೆ ಸರಾಸರಿ ಶೇಕಡಾ 3ರಿಂದ 5ರಷ್ಟು ಹೆಚ್ಚು ವೇಗದಲ್ಲಿ ಬೆಳೆದಿತ್ತು. ಮಂತ್ರಿಗಳಾದವರದ್ದು ಇನ್ನೂ ಹೆಚ್ಚು.

ಶೇಕಡಾ ನಾಲ್ಕು ಅಂದರೆ ಏನು ಮಹಾ ಎಂದುಕೊಂಡಿರಾ? ಚಕ್ರಬಡ್ಡಿಯ ಲೆಕ್ಕ ಹಾಕಿ. ಐದು ವರ್ಷಕ್ಕೆ ಶೇಕಡಾ 21ಕ್ಕೂ ಮೇಲಾಗುತ್ತದೆ. ಹತ್ತು ಕೋಟಿ ಇದ್ದವನಿಗೆ ಎರಡು ಕೋಟಿಗೂ ಹೆಚ್ಚು, ಅದೂ ಸೋತವನಿಗೆ ಬರದ ಎರಡು ಕೋಟಿ. ಮೊದಲೇ ಉಳ್ಳವರಿಗೆ ಅಧಿಕಾರದಿಂದ ಏನೂ ಆಗಬೇಕಾಗಿಲ್ಲ ಎಂಬ ಮಾತು ನಿಜವಾಗಿದ್ದರೆ ಈ ವ್ಯತ್ಯಾಸ ಇಷ್ಟು ಸ್ಪಷ್ಟವಾಗಿ ಕಾಣಬಾರದಿತ್ತು. ಇದರಿಂದ ಗೆದ್ದವರೆಲ್ಲ ಕಳ್ಳರು ಎಂದಾಗುವುದಿಲ್ಲ, ಸರಾಸರಿ ಸರಾಸರಿಯೇ. ಜೊತೆಗೆ ಇವು ಅವರೇ ಬರೆದುಕೊಟ್ಟ ಅಂಕಿಗಳು, ಬರೆಯದೆ ಬಿಟ್ಟದ್ದು ಇದರಲ್ಲಿ ಬರುವುದಿಲ್ಲ.

ಇನ್ನೂ ಒಪ್ಪದವರಿಗೆ ಸುಲಭದ ಪರೀಕ್ಷೆ. ಎಡಿಆರ್ (ಅಸೋಸಿಯೇಷನ್ ಫಾರ್ ಡೆಮಾಕ್ರಟಿಕ್ ರಿಫಾರ್ಮ್ಸ್) ಎಂಬ ಸ್ವಯಂಸೇವಾ ಸಂಸ್ಥೆ ಅಫಿಡವಿಟ್ಟುಗಳನ್ನು ಒಟ್ಟು ಹಾಕಿ ಹೇಳುವಂತೆ, 2009ರಲ್ಲಿ ಲೋಕಸಭೆಗೆ ಗೆದ್ದವರಲ್ಲಿ ಕೋಟ್ಯಧಿಪತಿಗಳು ಶೇಕಡಾ 58. 2014ರಲ್ಲಿ 82, 2019ರಲ್ಲಿ 88, 2024ರಲ್ಲಿ 93. (ಹಣದುಬ್ಬರದಿಂದ ಕೋಟಿಯ ಬೆಲೆಯೂ ಇಳಿದಿದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.) ಉಳ್ಳವರು ತಿನ್ನುವುದಿಲ್ಲ ಎನ್ನುವುದಾದರೆ ಈ ಹದಿನೈದು ವರ್ಷಗಳಲ್ಲಿ ಭ್ರಷ್ಟಾಚಾರ ಕರಗಿ ನೀರಾಗಬೇಕಿತ್ತು. ಆಗಿದೆಯೇ? ನೀವೇ ಹೇಳಿ.

ಆಗ ಯಾರಾದರೂ ‘ಒಂದು ರೂಪಾಯಿ ಸಂಬಳ’ದ ಉದಾಹರಣೆ ತೆಗೆಯುತ್ತಾರೆ. ತೆಗೆಯಲಿ. 1991ರಲ್ಲಿ ಮೊದಲ ಸಲ ಮುಖ್ಯಮಂತ್ರಿಯಾದ ಜಯಲಲಿತಾ ತಿಂಗಳಿಗೆ ಒಂದೇ ರೂಪಾಯಿ ಸಂಬಳ ಪಡೆದರು. ಸಿನಿಮಾದಲ್ಲಿ ಹೆಸರು, ಹಣ ಎರಡೂ ಮಾಡಿ ಬಂದವರು. ಅದೇ ಅವಧಿಯ ಅಕ್ರಮ ಆಸ್ತಿ ಪ್ರಕರಣದಲ್ಲಿ 2014ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ ಅವರಿಗೆ ನಾಲ್ಕು ವರ್ಷ ಜೈಲು, 100 ಕೋಟಿ ರೂಪಾಯಿ ದಂಡ ವಿಧಿಸಿತು. ಮರುವರ್ಷ ಹೈಕೋರ್ಟ್ ಖುಲಾಸೆ ಮಾಡಿತು. 2017ರಲ್ಲಿ ಸುಪ್ರೀಂ ಕೋರ್ಟ್ ಆ ಖುಲಾಸೆಯನ್ನು ತಳ್ಳಿಹಾಕಿ ಉಳಿದ ಆರೋಪಿಗಳನ್ನು ಜೈಲಿಗೆ ಕಳಿಸುವಾಗ ಅವರು ಬದುಕಿರಲಿಲ್ಲ. ಸಂಬಳ ಬಿಟ್ಟದ್ದನ್ನು ಪ್ರಾಮಾಣಿಕತೆಯ ಸರ್ಟಿಫಿಕೇಟ್ ಎಂದು ಓದುವವರು ಈ ಕಡತವನ್ನೊಮ್ಮೆ ತಿರುವಿಹಾಕಲಿ.

ಇಷ್ಟೂ ಕಾನೂನು ಮುರಿದವರ ಮಾತಾಯಿತು. ನನ್ನ ನಿಜವಾದ ತಕರಾರು ಕಾನೂನು ಮುರಿಯದವರ ಬಗ್ಗೆ. ನೂರು ಎಕರೆ ಜಮೀನಿರುವ ಶಾಸಕ ಹೊಸ ರಸ್ತೆ ಎಲ್ಲಿ ಹಾಯಬೇಕು ಎಂಬ ಸಭೆಯಲ್ಲಿ ಕೂತರೆ, ಖಾಸಗಿ ಕಾಲೇಜುಗಳ ಒಡೆಯ ಶುಲ್ಕ ನಿಯಂತ್ರಣದ ಮಸೂದೆಗೆ ಕೈ ಎತ್ತಬೇಕಾಗಿ ಬಂದರೆ, ಅವರಿಗೆ ಲಂಚದ ಅವಶ್ಯಕತೆಯೇ ಇಲ್ಲ. ಸುಮ್ಮನೆ ಕೂತರೂ ಸಾಕು, ಲಾಭ ತಾನಾಗಿ ಬರುತ್ತದೆ. ಉಳ್ಳವನಿಗೆ ಆಸೆ ಕಡಿಮೆ ಎಂದು ವಾದಿಸುವವರು ಅವನ ಹಿತಾಸಕ್ತಿಗಳು ಹೆಚ್ಚು ಎಂಬುದನ್ನು ಮರೆಯುತ್ತಾರೆ. ಆದ್ದರಿಂದ ಅಫಿಡವಿಟ್ ಓದುವಾಗ ಒಟ್ಟು ಮೊತ್ತ ನೋಡಿ ಬಾಯಿ ಬಿಡಬೇಡಿ. ಆಸ್ತಿ ಯಾವ ರೂಪದಲ್ಲಿದೆ, ಎಲ್ಲಿದೆ, ಸಾಲ ಯಾರಿಗೆ ಕೊಡಬೇಕು, ಅದನ್ನು ನೋಡಿ. 2018ರ ಇನ್ನೊಂದು ತೀರ್ಪಿನ ನಂತರ ಆದಾಯದ ಮೂಲವನ್ನೂ ಬರೆಯಬೇಕು. ‘ವ್ಯಾಪಾರ’ ಎಂದಷ್ಟೇ ಗೀಚಿದ್ದರೆ ಪ್ರಚಾರಕ್ಕೆ ಬಂದಾಗ ಯಾವ ವ್ಯಾಪಾರ ಎಂದು ಕೇಳಿ.

ಹಾಗಾದರೆ ಬಡವನೇ ಪ್ರಾಮಾಣಿಕನೇ ಎಂದು ತಿರುಗಿಸಿ ಕೇಳುವವರಿದ್ದಾರೆ. ಅದೂ ಅಲ್ಲ. ಕೈ ಖಾಲಿ ಇದ್ದವನಿಗೆ ಪ್ರಚಾರದ ಖರ್ಚು ಕೊಟ್ಟವರು ಗೆದ್ದ ಮೇಲೆ ಬಾಗಿಲಿಗೆ ಬರುತ್ತಾರೆ. ಕಾನೂನಿನ ಪ್ರಕಾರ ದೊಡ್ಡ ರಾಜ್ಯಗಳಲ್ಲಿ ವಿಧಾನಸಭೆ ಅಭ್ಯರ್ಥಿಯ ಖರ್ಚಿನ ಮಿತಿ 40 ಲಕ್ಷ, ಲೋಕಸಭೆಗೆ 95 ಲಕ್ಷ. 2022ರಿಂದ ಹೀಗಿದೆ. ಪಕ್ಷ ಮಾಡುವ ಖರ್ಚಿಗೆ ಮಿತಿಯೇ ಇಲ್ಲ. ಮಿತಿಯೊಳಗೆ ನಿಂತರೂ ಆ ಹಣ ಎಲ್ಲಿಂದ ತರುವುದು? ಅದಕ್ಕೇ ಪಕ್ಷಗಳು ತಮ್ಮ ಖರ್ಚನ್ನು ತಾವೇ ನೋಡಿಕೊಳ್ಳುವವರಿಗೆ ಟಿಕೆಟ್ ಕೊಡುತ್ತವೆ. ಶ್ರೀಮಂತರೇ ಯಾಕೆ ನಿಲ್ಲುತ್ತಾರೆ ಎಂಬುದಕ್ಕೆ ಉತ್ತರ ಇಷ್ಟೇ. ಅವರ ಮನಸ್ಸಿನ ವಿಚಾರಣೆ ಆಮೇಲಿನದು.

ಇಲ್ಲಿಂದ, ಯಾರೂ ಕೇಳದ ಒಂದು ಪ್ರಶ್ನೆಗೆ ಹೋಗುತ್ತೇನೆ, ಸಹಿಸಿಕೊಳ್ಳಿ. ಶಾಸಕರ ಸಂಬಳ ಹೆಚ್ಚಿದಾಗಲೆಲ್ಲ ‘ಇವರಿಗೆ ಸಂಬಳ ಬೇರೆ ಕೇಡು’ ಎಂದು ಬೈಯುತ್ತೇವೆ. 2025ರಲ್ಲಿ ಕರ್ನಾಟಕದ ಶಾಸಕರ ಮೂಲ ಸಂಬಳ 40 ಸಾವಿರದಿಂದ 80 ಸಾವಿರಕ್ಕೆ ಏರಿದಾಗಲೂ ಬೈದೆವು. ಕೋಟ್ಯಧಿಪತಿಗಳೇ ಕೂತಿರುವ ಸದನ ತನಗೆ ತಾನೇ ಸಂಬಳ ಏರಿಸಿಕೊಂಡರೆ ಹೊಟ್ಟೆ ಉರಿಯುವುದು ಸಹಜವೇ. ಆದರೆ ಪ್ರತಿನಿಧಿಗಳಿಗೆ ಸಂಬಳ ಬೇಕು ಎಂಬ ಬೇಡಿಕೆ ಹುಟ್ಟಿದ್ದು ಬಡವರ ಕಡೆಯಿಂದ. 1838ರಲ್ಲಿ ಬ್ರಿಟನ್ನಿನಲ್ಲಿ ಮತದಾನದ ಹಕ್ಕಿಗಾಗಿ ಹೋರಾಡಿದ ಚಾರ್ಟಿಸ್ಟ್ ಕಾರ್ಮಿಕರು ಮುಂದಿಟ್ಟ ಆರು ಬೇಡಿಕೆಗಳಲ್ಲಿ ಅದೂ ಒಂದು. ಸಂಬಳವಿಲ್ಲದಿದ್ದರೆ ಜಮೀನ್ದಾರ ಮಾತ್ರ ಸಂಸತ್ತಿನಲ್ಲಿ ಕೂರಬಲ್ಲ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಬಾಲ್ಯದಲ್ಲೇ ಕಲ್ಲಿದ್ದಲು ಗಣಿಗೆ ಇಳಿದಿದ್ದ ಕೀರ್ ಹಾರ್ಡಿ 1892ರಲ್ಲಿ ಗೆದ್ದು ಬಂದಾಗಲೂ ಸಂಸದರಿಗೆ ಸಂಬಳವಿರಲಿಲ್ಲ. ಮುಂದೆ ಕಾರ್ಮಿಕ ಸಂಘಗಳು ತಮ್ಮ ಸಂಸದರಿಗೆ ಜೀವನಕ್ಕೆ ಹಣ ಕೊಡುತ್ತಿದ್ದವು. 1909ರ ಆಸ್ಬೋರ್ನ್ ತೀರ್ಪು ಅದಕ್ಕೂ ಕಲ್ಲು ಹಾಕಿತು. ಕೊನೆಗೆ 1911ರಲ್ಲಿ ವರ್ಷಕ್ಕೆ 400 ಪೌಂಡ್ ಸಂಬಳ ಬಂತು. ನಮ್ಮ ಸಂವಿಧಾನ ಮಾಡಿದವರು ಈ ರಗಳೆಗೆ ಹೋಗದೆ ಸಂಸದರಿಗೆ 106ನೇ ವಿಧಿ, ಶಾಸಕರಿಗೆ 195ನೇ ವಿಧಿ ಬರೆದಿಟ್ಟರು.

ಆದರೆ ಆ ಸಂಬಳ ಗೆದ್ದ ಮೇಲಿನದು. ಗೆಲ್ಲುವುದಕ್ಕೆ ಮುಂಚೆ ಕ್ಷೇತ್ರ ಸುತ್ತುವ ತಿಂಗಳುಗಳಲ್ಲಿ ಕೂಲಿಯವನ ಮನೆ ಹೇಗೆ ನಡೆಯಬೇಕು? ಜರ್ಮನಿಯ ಸಂವಿಧಾನದ 48ನೇ ವಿಧಿ, ಸಂಸತ್ತಿಗೆ ಸ್ಪರ್ಧಿಸುವ ಯಾರಿಗೇ ಆಗಲಿ ಪ್ರಚಾರಕ್ಕೆ ಬೇಕಾದ ರಜೆ ಪಡೆಯುವ ಹಕ್ಕಿದೆ ಎನ್ನುತ್ತದೆ. ನಮ್ಮ ಜನಪ್ರಾತಿನಿಧ್ಯ ಕಾಯ್ದೆಯ 135ಬಿ ಸೆಕ್ಷನ್ ಮತದಾನದ ದಿನ ಸಂಬಳ ಸಹಿತ ರಜೆ ಕೊಡುತ್ತದೆ, ಅದು ಓಟು ಹಾಕುವವರಿಗೆ. ಅಭ್ಯರ್ಥಿಯಾಗಿ ನಿಲ್ಲುವ ಕಾರ್ಖಾನೆ ಕೆಲಸಗಾರನಿಗೆ ಇಷ್ಟು ವಾರ ರಜೆ ಕೊಡಿ ಎಂಬ ಬೇಡಿಕೆಯನ್ನು ಇಲ್ಲಿ ಯಾವ ಪಕ್ಷದ ಪ್ರಣಾಳಿಕೆಯಲ್ಲೂ ನಾನು ಓದಿಲ್ಲ. ಮುಂದಿನ ಸಲ ಪ್ರಶ್ನೆ ಕಳಿಸುವವರು ಶ್ರೀಮಂತರ ಹೃದಯ ಬಿಟ್ಟು ಇದರ ಬಗ್ಗೆ ಕೇಳಿದರೆ, ನಾನು ಇನ್ನೂ ಉದ್ದ ಬರೆಯಲು ಸಿದ್ಧ.