ಪದ ಪರಿಚಯ: ಅಸ್ತಿತ್ವವಾದಿ ಮನೋಚಿಕಿತ್ಸೆ ಮತ್ತು ಪುರುಷರ ಲೈಂಗಿಕ ಬದುಕು

ಅಸ್ತಿತ್ವವಾದ ಎಂಬ ಪದ ಕನ್ನಡದ ಓದುಗರಿಗೆ ಹೊಸದಲ್ಲ. ನವ್ಯ ಸಾಹಿತ್ಯದ ವಿಮರ್ಶೆಯಲ್ಲಿ ಅದು ದಶಕಗಳಿಂದ ಬಳಕೆಯಲ್ಲಿದೆ. ಅದೇ ಪದ ಚಿಕಿತ್ಸೆಯ ಕೋಣೆಗೆ ಬಂದಾಗ ಹೆಚ್ಚು ನಿರ್ದಿಷ್ಟವಾದ ಅರ್ಥ ಪಡೆಯುತ್ತದೆ. ಮನುಷ್ಯನ ಸಂಕಟವನ್ನು ಬರೀ ರೋಗಲಕ್ಷಣಗಳ ಗುಂಪಾಗಿ ಕಾಣದೆ, ಆತ ತನ್ನ ದೇಹದೊಂದಿಗೆ, ಇತರರೊಂದಿಗೆ, ತನಗಿರುವ ಸ್ವಾತಂತ್ರ್ಯದೊಂದಿಗೆ ಹೇಗೆ ಬಾಳುತ್ತಿದ್ದಾನೆ ಎಂಬುದನ್ನು ಅವನ ಜೊತೆ ಕೂತು ಬಿಡಿಸಿ ನೋಡುವ ಮಾತಿನ ಚಿಕಿತ್ಸೆಯೇ ಅಸ್ತಿತ್ವವಾದಿ ಮನೋಚಿಕಿತ್ಸೆ. ಸ್ವಿಟ್ಜರ್ಲೆಂಡಿನ ಮನೋವೈದ್ಯರಾದ ಲುಡ್ವಿಗ್ ಬಿನ್ಸ್‌ವಾಂಗರ್ ಮತ್ತು ಮೆಡಾರ್ಡ್ ಬಾಸ್, ವಿಯೆನ್ನಾದ ವಿಕ್ಟರ್ ಫ್ರಾಂಕ್ಲ್ ಇದರ ಮೊದಲ ತಲೆಮಾರಿನವರು. ಸಾವು, ಸ್ವಾತಂತ್ರ್ಯ, ಒಂಟಿತನ, ಅರ್ಥಹೀನತೆ ಎಂಬ ನಾಲ್ಕು ಮೂಲ ಆತಂಕಗಳ ಸುತ್ತ ಈ ಪದ್ಧತಿಯನ್ನು 1980ರಲ್ಲಿ ವಿವರಿಸಿದವರು ಅಮೆರಿಕದ ಇರ್ವಿನ್ ಯಾಲಮ್.

ಲೈಂಗಿಕತೆ ಈ ಚಿಂತನೆಗೆ ಹೊರಗಿನಿಂದ ಸೇರಿಸಿದ ವಿಷಯವಲ್ಲ. ಕಾಮವು ದೇಹದ ಒಂದು ಮೂಲೆಯಲ್ಲಿ ತನ್ನಷ್ಟಕ್ಕೆ ನಡೆಯುವ ಯಂತ್ರವಲ್ಲ, ಅದು ಮನುಷ್ಯ ಲೋಕಕ್ಕೆ ತೆರೆದುಕೊಳ್ಳುವ ಬಗೆಗಳಲ್ಲಿ ಒಂದು ಎಂದು ಫ್ರೆಂಚ್ ತತ್ತ್ವಜ್ಞಾನಿ ಮೌರಿಸ್ ಮೆರ್ಲೊ-ಪೊಂಟಿ 1945ರಲ್ಲೇ ವಾದಿಸಿದ್ದರು. ವಿಕೃತಿಗಳೆಂದು ಆಗ ಕರೆಯಲಾಗುತ್ತಿದ್ದ ಲೈಂಗಿಕ ವರ್ತನೆಗಳನ್ನೇ ವಸ್ತುವಾಗಿಸಿಕೊಂಡು ಬಾಸ್ 1947ರಲ್ಲಿ ಒಂದು ಪುಸ್ತಕ ಬರೆದರು.

ಗಂಡಸರು ಚಿಕಿತ್ಸಕರ ಬಳಿ ತರುವ ತೊಂದರೆಗಳು ಬಹುಮಟ್ಟಿಗೆ ಪರಿಚಿತವಾದವೇ: ನಿಮಿರುವಿಕೆಯ ದೌರ್ಬಲ್ಯ, ಶೀಘ್ರ ಸ್ಖಲನ, ಆಸಕ್ತಿ ಬತ್ತುವುದು. ಇವುಗಳ ಅರ್ಥ ಹುಡುಕುವ ಮುನ್ನ ದೇಹದ ತಪಾಸಣೆ ಆಗಲೇಬೇಕು. ಸಕ್ಕರೆ ಕಾಯಿಲೆ, ಅಧಿಕ ರಕ್ತದೊತ್ತಡ, ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳು ಇದಕ್ಕೆ ಕಾರಣವಾಗಬಹುದು. ನಿಮಿರುವಿಕೆಯ ತೊಂದರೆ ಹೃದ್ರೋಗದ ಮುನ್ಸೂಚನೆಯೂ ಆಗಿರಬಹುದು. ಅದನ್ನು ಬಿಟ್ಟು ನೇರವಾಗಿ ಮನಸ್ಸಿನ ಮಾತಿಗೆ ಇಳಿಯುವ ಚಿಕಿತ್ಸಕ, ಎಷ್ಟೇ ಓದಿಕೊಂಡಿದ್ದರೂ, ರೋಗಿಗೆ ಅನ್ಯಾಯ ಮಾಡುತ್ತಾನೆ. ನಿಮಿರುವಿಕೆಗೆ ನೆರವಾಗುವ ಸಿಲ್ಡೆನಫಿಲ್ (ವಯಾಗ್ರ) ಮಾತ್ರೆಗೆ 1998ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕ ಮೇಲೆ ಅನೇಕರಿಗೆ ನಿಜವಾದ ಪರಿಹಾರ ದೊರೆತಿದೆ. ಆದರೆ ಮಾತ್ರೆ ರಕ್ತದ ಹರಿವನ್ನು ಸುಗಮಗೊಳಿಸುತ್ತದೆಯೇ ಹೊರತು ಪಕ್ಕದಲ್ಲಿರುವವರ ಬಗ್ಗೆ ಸತ್ತುಹೋದ ಆಸೆಯನ್ನಾಗಲಿ, ಅವರ ಮೇಲೆ ಒಳಗೊಳಗೇ ಬೆಳೆದ ಸಿಟ್ಟನ್ನಾಗಲಿ ಮುಟ್ಟುವುದಿಲ್ಲ.

ಹೀಗೊಂದು ಮಾತುಕತೆಯನ್ನು ಊಹಿಸಿಕೊಳ್ಳಿ. ಬಂದವನು "ಕೆಲಸ ಮಾಡ್ತಾ ಇಲ್ಲ ಡಾಕ್ಟ್ರೇ" ಎನ್ನುತ್ತಾನೆ, ಕೆಟ್ಟುನಿಂತ ಮೋಟಾರಿನ ಬಗ್ಗೆ ಹೇಳುವ ಹಾಗೆ. ಚಿಕಿತ್ಸಕಿ ಕಾರಣ ಕೇಳುವುದಿಲ್ಲ, "ಆ ಹೊತ್ತಿನಲ್ಲಿ ನೀವು ಏನನ್ನು ಗಮನಿಸ್ತಾ ಇದ್ರಿ?" ಎಂದು ಕೇಳುತ್ತಾಳೆ. ಆತ ಬಹಳ ಹೊತ್ತು ಸುಮ್ಮನಿದ್ದು, "ನನ್ನನ್ನೇ. ಆಗುತ್ತೋ ಇಲ್ವೋ ಅಂತ" ಎನ್ನುತ್ತಾನೆ. "ಆಗ ನಿಮ್ಮ ಹೆಂಡತಿ ಮುಖ ಹೇಗಿತ್ತು?" ಎಂಬ ಮುಂದಿನ ಪ್ರಶ್ನೆಗೆ ಅವನಲ್ಲಿ ಉತ್ತರವಿಲ್ಲ, ಏಕೆಂದರೆ ಅವನು ಆ ಮುಖವನ್ನು ನೋಡಿರಲಿಲ್ಲ. ಹಾಸಿಗೆಯಲ್ಲಿ ಪರೀಕ್ಷೆ ಬರೆಯುವವನೂ ಅವನೇ, ಮೇಲ್ವಿಚಾರಕನೂ ಅವನೇ. ಸುಖವನ್ನು ಗುರಿಯಾಗಿಸಿ ಬೆನ್ನಟ್ಟಿದಷ್ಟೂ ಅದು ಕೈಜಾರುತ್ತದೆ ಎಂದು ಫ್ರಾಂಕ್ಲ್ ಹೇಳಿದ್ದು ಇದನ್ನೇ. ಅವರ ಉಪಾಯ ಸರಳವಾಗಿತ್ತು: ಕೆಲಕಾಲ ಸಂಭೋಗವೇ ಬೇಡವೆಂದು ವೈದ್ಯರು ಹೇಳಿಬಿಡುವುದು. ಸಾಧಿಸಲೇಬೇಕೆಂಬ ಒತ್ತಡ ಇಳಿದಾಗ ಗಮನ ತನ್ನಿಂದ ಸಂಗಾತಿಯ ಕಡೆಗೆ ಹೊರಳುತ್ತದೆ.

ಇದೇ ಪದ್ಧತಿ ಹಾನಿಕರ ಲೈಂಗಿಕ ವರ್ತನೆಯ ಸಂದರ್ಭದಲ್ಲೂ ಬಳಕೆಯಾಗುತ್ತದೆ. ಆದರೆ ಇಲ್ಲಿ ಒಂದು ಗೆರೆಯನ್ನು ಗಟ್ಟಿಯಾಗಿ ಎಳೆಯಬೇಕು. ನಿಮಿರುವಿಕೆಯ ತೊಂದರೆ ಇರುವವನು ಯಾರಿಗೂ ಕೇಡು ಮಾಡಿದವನಲ್ಲ; ಒಪ್ಪಿಗೆಯಿಲ್ಲದೆ ಮುಟ್ಟುವುದು, ಕದ್ದು ನೋಡುವುದು, ಬಲಾತ್ಕಾರ, ಮಕ್ಕಳ ಮೇಲಿನ ದೌರ್ಜನ್ಯ ಇವೆಲ್ಲ ಬೇರೊಬ್ಬರ ಬದುಕನ್ನು ಗಾಯಗೊಳಿಸುವ ಅಪರಾಧಗಳು. ಇವೆರಡರ ನಡುವೆ, ತನ್ನ ಲೈಂಗಿಕ ಪ್ರಚೋದನೆಯನ್ನು ಹಿಡಿತದಲ್ಲಿಡಲಾಗದೆ ಬದುಕು ಹಾಳಾಗುತ್ತಿದೆ ಎನ್ನುವವರೂ ಇದ್ದಾರೆ. 2022ರಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ 11ನೇ ಆವೃತ್ತಿ ಈ ಸ್ಥಿತಿಯನ್ನು ಗುರುತಿಸಿದೆಯಾದರೂ, ಕೇವಲ ನೈತಿಕ ಮುಜುಗರದಿಂದ ಹುಟ್ಟಿದ ಸಂಕಟವನ್ನು ಕಾಯಿಲೆಯೆಂದು ಕರೆಯಬಾರದು ಎಂದೂ ಎಚ್ಚರಿಸಿದೆ. ಈ ಎಚ್ಚರಿಕೆ ಬಹಳ ಮುಖ್ಯವೆಂದು ನನಗನಿಸುತ್ತದೆ; ಸಹಜ ಆಸೆಗೇ ತನ್ನನ್ನು ರೋಗಿಯೆಂದುಕೊಂಡು ಕೊರಗುವ ಹುಡುಗರು ಕಡಿಮೆಯೇನಿಲ್ಲ.

ಕೇಡು ಮಾಡಿದವನ ಜೊತೆಗಿನ ಕೆಲಸದಲ್ಲಿ ಸ್ವಾತಂತ್ರ್ಯ ಎಂಬ ಪದಕ್ಕೆ ಪೂರ್ತಿ ಭಾರ ಬರುತ್ತದೆ. ಫ್ರೆಂಚ್ ಅಸ್ತಿತ್ವವಾದಿ ತತ್ತ್ವಜ್ಞಾನಿ ಜೀನ್-ಪಾಲ್ ಸಾರ್ತ್ರ್ 1943ರಲ್ಲಿ ವಿವರಿಸಿದ ಆತ್ಮವಂಚನೆಯೆಂದರೆ, ಆಯ್ಕೆ ತನ್ನದಾಗಿದ್ದರೂ ತನಗೆ ಆಯ್ಕೆಯೇ ಇರಲಿಲ್ಲವೆಂದು ತನ್ನನ್ನು ತಾನೇ ನಂಬಿಸಿಕೊಳ್ಳುವುದು. ನಮ್ಮ ಭಾಷೆಯ ವ್ಯಾಕರಣ ಇದಕ್ಕೆ ಅನುಕೂಲ ಮಾಡಿಕೊಡುತ್ತದೆ. "ತಪ್ಪಾಯಿತು", "ಏನೋ ಆಗಿಹೋಯಿತು", "ಬುದ್ಧಿ ಕೆಟ್ಟಿತ್ತು" ಎಂಬ ವಾಕ್ಯಗಳಲ್ಲಿ ಮಾಡಿದವನು ಎಲ್ಲೂ ಕಾಣುವುದಿಲ್ಲ. ತಿಂಗಳುಗಟ್ಟಲೆಯ ಮಾತಿನ ನಂತರ ಒಬ್ಬಾತ "ನಾನು ಮಾಡಿದೆ" ಎಂದು ಹೇಳಿದರೂ ಚಿಕಿತ್ಸೆ ಅಲ್ಲಿಗೆ ಮುಗಿಯುವುದಿಲ್ಲ. ಆ ದಿನ ಬಾಗಿಲು ಹಾಕಿದ್ದು ಯಾರು, ಬೇಡವೆಂಬ ದನಿ ಕೇಳಿಸಿದಾಗ ಏನೆಂದುಕೊಂಡೆ, ನಿಲ್ಲಿಸಬಹುದಾಗಿದ್ದ ಗಳಿಗೆಗಳು ಎಷ್ಟಿದ್ದವು ಎಂದು ಒಂದೊಂದಾಗಿ ಹಿಂದಕ್ಕೆ ಹೋಗಿ ನೋಡಲಾಗುತ್ತದೆ. ಒಂಟಿತನದ ನೋವಿನಿಂದಲೋ, ಎಲ್ಲೂ ಸಲ್ಲದವನೆಂಬ ಅವಮಾನದಿಂದಲೋ, ಒಬ್ಬರನ್ನಾದರೂ ಹಿಡಿತದಲ್ಲಿಟ್ಟುಕೊಳ್ಳುವ ಹಟದಿಂದಲೋ ಆತ ಹಾಗೆ ಮಾಡಿದ್ದನೆಂದು ತಿಳಿದುಬರಬಹುದು. ಹಾಗೆ ತಿಳಿಯುವುದು ಕ್ಷಮಿಸುವುದಲ್ಲ. ಒಂಟಿತನ ಎಲ್ಲರಿಗೂ ಇದೆ. ಅದನ್ನು ಕಳೆಯಲು ಇನ್ನೊಬ್ಬರನ್ನು ವಸ್ತುವಾಗಿ ಬಳಸಿದ್ದು ಅವನ ಆಯ್ಕೆ. ಹಾಸಿಗೆಯಲ್ಲಿ ಹೆಂಡತಿಯ ಮುಖ ಕಾಣದವನೂ, ಕಂಡ ಮುಖವನ್ನು ಲೆಕ್ಕಕ್ಕೇ ಹಿಡಿಯದವನೂ ಬೇರೆ ಬೇರೆ. ಇಬ್ಬರನ್ನೂ ಈ ಚಿಕಿತ್ಸೆ ಕೇಳುವುದು ಮಾತ್ರ ಒಂದೇ ಪ್ರಶ್ನೆ: ಅಲ್ಲಿ ನಿಮ್ಮ ಹೊರತು ಇನ್ಯಾರಿದ್ದರು?

ಈ ಪದ್ಧತಿಗೆ ಮಿತಿಗಳಿವೆ. ಇದರ ಬಗೆಗಿನ ಬರಹಗಳಲ್ಲಿ ಬಿಡಿ ಪ್ರಕರಣಗಳ ವಿವರಣೆಗಳೇ ಹೆಚ್ಚು. ಆದ್ದರಿಂದ ಮತ್ತೆ ಕೇಡು ಮಾಡುವ ಅಪಾಯವಿರುವವರ ವಿಷಯದಲ್ಲಿ ಇದೊಂದನ್ನೇ ನೆಚ್ಚಿಕೊಳ್ಳುವುದು ಸರಿಯಲ್ಲ. ಅಪಾಯದ ಮೌಲ್ಯಮಾಪನ, ನಡವಳಿಕೆಯ ಚಿಕಿತ್ಸೆ, ಅಗತ್ಯವಿದ್ದರೆ ಔಷಧ, ಕಾನೂನಿನ ನಿಗಾ ಇವುಗಳ ಜೊತೆಯಲ್ಲಿಯೇ ಇದು ನಡೆಯಬೇಕು. ಗುಟ್ಟು ಕಾಯುವ ಭರವಸೆಯೂ ಇಲ್ಲಿ ಷರತ್ತಿಗೆ ಒಳಪಟ್ಟದ್ದು. ಮಗುವಿಗೋ ಇನ್ನೊಬ್ಬರಿಗೋ ಅಪಾಯವಿದೆಯೆಂದು ತಿಳಿದರೆ ಸುಮ್ಮನಿರಲಾಗದೆಂಬುದನ್ನು ಚಿಕಿತ್ಸಕರು ಮೊದಲ ಭೇಟಿಯಲ್ಲೇ ಬಂದವನಿಗೆ ನೇರವಾಗಿ ಹೇಳಬೇಕು.