ಮೊದಲ ಅರ್ತ್ ಫಾಲ್ಟ್ ಸಿಕ್ಕಿದ ದಿನವೇ ಹುಡುಕಬೇಕು

ಮನೆಯಲ್ಲಿ ಕರೆಂಟಿನ ತಂತಿ ಯಂತ್ರದ ಲೋಹದ ಕವಚಕ್ಕೆ ತಾಗಿದರೆ ಬ್ರೇಕರ್ ಬೀಳುತ್ತದೆ, ಕತ್ತಲಾಗುತ್ತದೆ, ಎಲ್ಲರಿಗೂ ಗೊತ್ತಾಗುತ್ತದೆ. ಹಡಗಿನಲ್ಲಿ ಹಾಗಲ್ಲ. 440 ವೋಲ್ಟಿನ ಮೋಟಾರಿನ ಒಂದು ಫೇಸ್ ಅದರ ಕವಚಕ್ಕೂ, ಅಲ್ಲಿಂದ ಹಡಗಿನ ಉಕ್ಕಿನ ಮೈಗೂ ತಾಗಿದರೂ ಪಂಪ್ ತಿರುಗುತ್ತಲೇ ಇರುತ್ತದೆ. ಹೀಗೆ ತಂತಿ ಮೈಗೆ ತಾಗುವುದೇ ಅರ್ತ್ ಫಾಲ್ಟ್. ಮೇನ್ ಸ್ವಿಚ್‌ಬೋರ್ಡಿನ ಮೂರು ಅರ್ತ್ ಲ್ಯಾಂಪ್‌ಗಳಲ್ಲಿ ಒಂದು ಮಂಕಾಗಿ ಉಳಿದೆರಡು ಇನ್ನಷ್ಟು ಬೆಳಗುತ್ತವೆ, ತಂತಿಗೂ ಮೈಗೂ ನಡುವಿನ ನಿರೋಧ ತೋರಿಸುವ ಇನ್ಸುಲೇಷನ್ ಮೀಟರಿನ ಮುಳ್ಳು ಇಳಿಯುತ್ತದೆ, ಅಲಾರಂ ಕೂಗುತ್ತದೆ. ಯಾರೋ ಬಂದು ಬಟನ್ ಒತ್ತುತ್ತಾರೆ. ಸದ್ದು ನಿಲ್ಲುತ್ತದೆ, ದೋಷ ಇದ್ದಲ್ಲೇ ಇರುತ್ತದೆ. ಹೊಸ ಹಡಗಿಗೆ ಹತ್ತಿದಾಗ ಅಲಾರಂ ಪಟ್ಟಿಯಲ್ಲಿ 'ಲೋ ಇನ್ಸುಲೇಷನ್' ವಾರಗಟ್ಟಲೆ ಹಾಗೇ ಕೂತಿರುವುದನ್ನು ಕಂಡರೆ ನಾನು ಬೇರೆ ಕೆಲಸ ಬದಿಗಿಟ್ಟು ಮೊದಲು ಅದರ ಬೆನ್ನು ಹತ್ತುತ್ತೇನೆ.

ಬ್ರೇಕರ್ ಏಕೆ ಬೀಳುವುದಿಲ್ಲ? ಹೆಚ್ಚಿನ ವಾಣಿಜ್ಯ ಹಡಗುಗಳ 440 ವೋಲ್ಟ್, 60 ಹರ್ಟ್ಝ್ ವ್ಯವಸ್ಥೆಯಲ್ಲಿ ಇರುವುದು ಮೂರೇ ತಂತಿ. ಜನರೇಟರಿನ ನ್ಯೂಟ್ರಲ್ಲನ್ನು ಹಡಗಿನ ಮೈಗೆ ಜೋಡಿಸಿರುವುದಿಲ್ಲ. ಒಂದು ಫೇಸ್ ಮೈಗೆ ತಾಗಿದರೂ ದೊಡ್ಡ ಕರೆಂಟು ಜನರೇಟರಿಗೆ ಮರಳಲು ದಾರಿಯಿಲ್ಲದ ಕಾರಣ ಬ್ರೇಕರಿಗೆ ಏನೂ ತಿಳಿಯದು. ಇದು ಬೇಕೆಂದೇ ಮಾಡಿದ ಏರ್ಪಾಡು. ಇಕ್ಕಟ್ಟಾದ ಕಾಲುವೆಯಲ್ಲಿ ಸಾಗುವಾಗ ಚುಕ್ಕಾಣಿ ತಿರುಗಿಸುವ ಸ್ಟಿಯರಿಂಗ್ ಗೇರಿನ ಮೋಟಾರು ಸಣ್ಣ ದೋಷಕ್ಕೆ ನಿಂತುಬಿಟ್ಟರೆ ಹಡಗೇ ದಡಕ್ಕೆ ಬಡಿದೀತು. ಅದೇ ಕಾರಣಕ್ಕೆ ಆ ಮೋಟಾರಿಗೆ ಓವರ್‌ಲೋಡ್ ಆದರೂ ಅಲಾರಂ ಮಾತ್ರ ಬರುತ್ತದೆ. ಬ್ರೇಕರ್ ಬೀಳುವುದು ಶಾರ್ಟ್ ಸರ್ಕ್ಯೂಟಿಗಷ್ಟೇ. 6.6 ಕಿಲೋವೋಲ್ಟಿನ ದೊಡ್ಡ ಹಡಗುಗಳಲ್ಲಿ ನ್ಯೂಟ್ರಲ್ಲನ್ನು ರೆಸಿಸ್ಟರ್ ಮೂಲಕ ಮೈಗೆ ಕಟ್ಟುವುದು ವಾಡಿಕೆ, ಅಲ್ಲಿನ ಲೆಕ್ಕ ಬೇರೆ.

ಆದರೆ ಈ ಸೌಲಭ್ಯ ಒಂದೇ ಒಂದು ದೋಷದ ಮಟ್ಟಿಗೆ. ಸರಿಯಿರುವ ವ್ಯವಸ್ಥೆಯಲ್ಲಿ ಪ್ರತಿ ಫೇಸಿಗೂ ಹಡಗಿನ ಮೈಗೂ ನಡುವೆ ಸುಮಾರು 254 ವೋಲ್ಟ್ ಇರುತ್ತದೆ. ಒಂದು ಫೇಸ್ ಪೂರ್ತಿ ಮೈಗೆ ಕೂತರೆ ಉಳಿದೆರಡು ಫೇಸುಗಳ ಮೇಲೆ 440 ಬೀಳುತ್ತದೆ. ಆವರೆಗೆ ಹೇಗೋ ತಡೆದುಕೊಂಡಿದ್ದ ಹಳೆಯ ಕೇಬಲ್ಲು, ಎಣ್ಣೆ ಮೆತ್ತಿದ ಮೋಟಾರ್ ವೈಂಡಿಂಗು ಈ ಹೆಚ್ಚಿನ ಒತ್ತಡಕ್ಕೆ ಸೋಲಬಹುದು. ಸೋತದ್ದು ಬೇರೆ ಫೇಸಾಗಿದ್ದರೆ ಹಡಗಿನ ಮೈಯ ಮೂಲಕವೇ ಶಾರ್ಟ್ ಸರ್ಕ್ಯೂಟ್. ಅಡುಗೆಕೋಣೆಯ ಹಾಟ್ ಪ್ಲೇಟಿನಲ್ಲಿ ಒಂದು ಫೇಸ್, ಲೂಬ್ ಆಯಿಲ್ ಪಂಪಿನಲ್ಲಿ ಇನ್ನೊಂದು ಫೇಸ್ ಅರ್ತ್ ಆಗಿವೆ ಎನ್ನಿ. ಎರಡರಲ್ಲಿ ಯಾವ ಬ್ರೇಕರ್ ಮೊದಲು ಬೀಳಬೇಕು ಎಂಬ ಆಯ್ಕೆ ಆಗ ನಮ್ಮ ಕೈಯಲ್ಲಿ ಇರುವುದಿಲ್ಲ.

'ನ್ಯೂಟ್ರಲ್ ಮೈಗಿಲ್ಲ, ಒಂದು ತಂತಿ ಮುಟ್ಟಿದರೆ ಶಾಕ್ ಹೊಡೆಯದು' ಎಂಬ ನಂಬಿಕೆ ಹಡಗುಗಳಲ್ಲಿ ಈಗಲೂ ಇದೆ. ಅದು ಜೀವ ತೆಗೆಯುವ ನಂಬಿಕೆ. ಕಿಲೋಮೀಟರುಗಟ್ಟಲೆ ಕೇಬಲ್ಲಿಗೂ ಹಡಗಿನ ಮೈಗೂ ನಡುವಿನ ಕೆಪಾಸಿಟೆನ್ಸ್ (ನೇರ ತಾಗದೆಯೂ ಎಸಿ ಕರೆಂಟಿಗೆ ದಾರಿ ಕೊಡುವ ಗುಣ) ಮೂಲಕವೇ ಮನುಷ್ಯನ ಮೈಯಲ್ಲಿ ಅಪಾಯಕಾರಿ ಕರೆಂಟು ಹರಿಯಬಲ್ಲದು. ಎಲ್ಲೋ ಒಂದು ಅರ್ತ್ ಫಾಲ್ಟ್ ಆಗಲೇ ಕೂತಿದ್ದರಂತೂ ಬೇರೆ ಫೇಸ್ ಮುಟ್ಟಿದವನಿಗೆ ಸಿಗುವುದು ಪೂರ್ತಿ 440.

ಇನ್ನು ಹುಡುಕುವ ಬಗೆ. ಅಲಾರಂ ಬಂದ ಕೂಡಲೇ ಒಂದೊಂದೇ ಬ್ರೇಕರ್ ಆರಿಸುತ್ತಾ ಹೋಗುವುದು ಹಲವರ ಅಭ್ಯಾಸ. ನಾನು ಮೊದಲು ಅಲಾರಂ ಬಂದ ಸಮಯ ನೋಡುತ್ತೇನೆ. ಆ ನಿಮಿಷದಲ್ಲಿ ಯಾವ ಪಂಪ್ ತಾನಾಗಿ ಶುರುವಾಯಿತು, ಡೆಕ್ ತೊಳೆಯುತ್ತಿದ್ದರೇ, ಡೆಕ್ ಲೈಟ್ ಹಾಕಿದರೇ, ಲಾಂಡ್ರಿಯಲ್ಲಿ ಯಾರಿದ್ದರು ಎಂದು ಕೇಳಿದರೆ ಬಹಳ ಸಲ ಅರ್ಧ ಕೆಲಸ ಅಲ್ಲಿಗೇ ಮುಗಿಯುತ್ತದೆ. ಫಾಲ್ಟ್ ಯಾವ ಮೀಟರಿನಲ್ಲಿದೆ ಎಂಬುದೂ ಮುಖ್ಯ. ಲೈಟಿಂಗಿನ 220 ವೋಲ್ಟ್ ಟ್ರಾನ್ಸ್‌ಫಾರ್ಮರಿನ ಆಚೆ ಬದಿಯದು. ಅಲ್ಲಿನ ದೋಷ 440ರ ಮೀಟರಿನಲ್ಲಿ ಕಾಣದು. ನಾನು ಕಂಡಂತೆ ಹೆಚ್ಚಿನ ಅರ್ತ್ ಫಾಲ್ಟುಗಳ ಮನೆ ಈ 220ರ ಬದಿಯೇ: ಬಯಲಿನಲ್ಲಿರುವ ಫ್ಲಡ್‌ಲೈಟು, ತೊಳೆಯುವ ಜಾಗದ ಸಾಕೆಟ್ಟು, ಕ್ಯಾಬಿನ್ನಿನಲ್ಲಿ ಯಾರೋ ಚುಚ್ಚಿದ ಸ್ವಂತದ ಕೆಟಲ್ಲು.

ಬ್ರೇಕರ್ ಆರಿಸಲೇಬೇಕಾದಾಗ ಡ್ಯೂಟಿ ಎಂಜಿನಿಯರಿಗೂ ಹಡಗು ನಡೆಸುವ ಬ್ರಿಜ್ಜಿಗೂ ಹೇಳಿ, ಅವರು ಒಪ್ಪಿದ ಮೇಲೆಯೇ. ಸ್ಟಿಯರಿಂಗ್, ನ್ಯಾವಿಗೇಷನ್, ಲೂಬ್ ಆಯಿಲ್ ಪಂಪುಗಳ ಬ್ರೇಕರಿಗೆ ನಡುಗಡಲಿನಲ್ಲಿ ಪರೀಕ್ಷೆಗೆಂದು ಕೈ ಹಾಕುವಂತಿಲ್ಲ. ಓಡುತ್ತಿರುವ ಪಂಪಿನ ಮೇಲೆ ಅನುಮಾನವಿದ್ದರೆ ಸ್ಟ್ಯಾಂಡ್‌ಬೈ ಪಂಪ್ ಶುರು ಮಾಡಿ, ಇದನ್ನು ನಿಲ್ಲಿಸಿ, ಮುಳ್ಳು ಮೇಲೇರಿತೇ ನೋಡಬೇಕು.

ಬಂದು ಹೋಗುವ ಫಾಲ್ಟುಗಳೇ ತಾಳ್ಮೆ ಪರೀಕ್ಷಿಸುವಂಥವು. ತುಂಬಾ ದಿನ ಬಳಸದ ಓವನ್ ಹಾಕಿದಾಕ್ಷಣ ಅಲಾರಂ ಬಂದು, ಕಾದ ಮೇಲೆ ತಾನೇ ಹೋಗುತ್ತದೆ: ಎಲಿಮೆಂಟಿನೊಳಗಿನ ಮ್ಯಾಗ್ನೀಸಿಯಂ ಆಕ್ಸೈಡ್ ಪುಡಿ ಹೀರಿಕೊಂಡ ತೇವ ಬಿಸಿಗೆ ಆರಿರುತ್ತದೆ. ಕೆಲವು ಗಂಟೆಗೊಮ್ಮೆ ಬಂದು ಸ್ವಲ್ಪ ಹೊತ್ತಿಗೆ ಮಾಯವಾಗುವ ಫಾಲ್ಟ್ ಇದ್ದರೆ ಸರಕನ್ನು ತಣ್ಣಗಿಡುವ ರೀಫರ್ ಕಂಟೇನರುಗಳ ಡಿಫ್ರಾಸ್ಟ್ ಹೀಟರನ್ನು ಸಂಶಯಿಸಿ. ಕಂಪ್ರೆಸರ್ ಓಡುವಾಗ ಎಲ್ಲ ಸರಿ, ಹಿಮ ಕರಗಿಸಲು ಹೀಟರ್ ಹತ್ತಿದಾಗ ಮಾತ್ರ ಅರ್ತ್. ಅಲಾರಂ ಬಂದ ವೇಳೆಗಳನ್ನೂ ಕಂಟೇನರುಗಳ ಡಿಫ್ರಾಸ್ಟ್ ವೇಳೆಗಳನ್ನೂ ಪಕ್ಕಪಕ್ಕ ಬರೆದರೆ ಅಪರಾಧಿ ಸಿಗುತ್ತದೆ.

ಸರ್ಕ್ಯೂಟ್ ಸಿಕ್ಕ ಮೇಲೆ ಮೆಗ್ಗರ್, ಅಂದರೆ ಇನ್ಸುಲೇಷನ್ ಅಳೆಯುವ ಉಪಕರಣ. ಬ್ರೇಕರ್ ಆರಿಸಿ, ಬೀಗ ಹಾಕಿ, ಟೆಸ್ಟರನ್ನು ಕರೆಂಟಿರುವ ಕಡೆ ಹಿಡಿದು ಕೆಲಸ ಮಾಡುತ್ತಿದೆಯೇ ಎಂದು ಖಚಿತಪಡಿಸಿಕೊಂಡು, ಇಲ್ಲಿ ಕರೆಂಟಿಲ್ಲವೆಂದು ನೋಡಿ, ಮತ್ತೆ ಆ ಕರೆಂಟಿರುವ ಕಡೆಯೇ ಟೆಸ್ಟರನ್ನು ಪರೀಕ್ಷಿಸಬೇಕು. 440ರ ಮೋಟಾರಿಗೆ 500 ವೋಲ್ಟ್ ಡಿಸಿ ಸಾಕು. ಎಲೆಕ್ಟ್ರಾನಿಕ್ ಕಾರ್ಡು, ಮೋಟಾರಿನ ವೇಗ ಬದಲಿಸುವ ಫ್ರೀಕ್ವೆನ್ಸಿ ಡ್ರೈವ್ ಇದ್ದರೆ ಮೊದಲು ಬಿಡಿಸಿ, ಇಲ್ಲದಿದ್ದರೆ ಫಾಲ್ಟ್ ಹುಡುಕಲು ಹೋಗಿ ಡ್ರೈವನ್ನೇ ಸುಟ್ಟಂತಾಗುತ್ತದೆ. ಮೋಟಾರಿನ ಟರ್ಮಿನಲ್ ಬಾಕ್ಸಿನಲ್ಲಿ ತಂತಿ ಬಿಡಿಸಿ ಕೇಬಲ್ಲನ್ನೂ ಮೋಟಾರನ್ನೂ ಬೇರೆ ಬೇರೆ ಅಳೆಯಬೇಕು. 1 ಮೆಗಾಓಮ್ ಕನಿಷ್ಠ ಎಂಬ ಲೆಕ್ಕ ಎಲ್ಲರಿಗೂ ಬಾಯಿಪಾಠ. ಆದರೆ ಒಂದು ಮೋಟಾರು ವರ್ಷದಲ್ಲಿ 50ರಿಂದ 20ಕ್ಕೆ, 20ರಿಂದ 5ಕ್ಕೆ ಇಳಿದಿದ್ದರೆ ಅದು ಪಾಸಾಗಿಲ್ಲ, ಸಾಯುತ್ತಿದೆ. ಸ್ವಿಚ್‌ಬೋರ್ಡಿನ ಮೀಟರಿಗೂ ಈ ಅಂಕಿಗೂ ಗೊಂದಲ ಬೇಡ. ಅಲ್ಲಿ ಎಲ್ಲ ಸರ್ಕ್ಯೂಟುಗಳೂ ಪ್ಯಾರಲಲ್ ಆಗಿರುವುದರಿಂದ ಪ್ರತಿಯೊಂದೂ ಚೆನ್ನಾಗಿದ್ದರೂ ಒಟ್ಟು ಓದು ಕಡಿಮೆಯೇ ಇರುತ್ತದೆ.

ಡೆಕ್ಕಿನ ಮೇಲಿನ ವಿಂಚ್ ಮೋಟಾರಿನ ಟರ್ಮಿನಲ್ ಬಾಕ್ಸೊಂದನ್ನು ಬಿಚ್ಚಿ ನೋಡಿ. ಮುಚ್ಚಳದ ಗ್ಯಾಸ್ಕೆಟ್ ಗಟ್ಟಿಯಾಗಿ ಬಿರುಕು ಬಿಟ್ಟಿರುತ್ತದೆ, ಹಿಂದೆ ಯಾರೋ ತೆಗೆದ ಕೇಬಲ್ಲು ಒಳಬರುವ ಗ್ಲ್ಯಾಂಡ್ ತೂತಿಗೆ ಬಿರಡೆಯೇ ಇರುವುದಿಲ್ಲ, ತಳದಲ್ಲಿ ಒಂದು ಚಮಚ ನೀರು, ತಂತಿಯ ತುದಿಯ ತಾಮ್ರದ ಲಗ್ಗುಗಳ ಮೇಲೆ ಹಸಿರು ಕಿಲುಬು. ಒರೆಸಿ, ಹಾಟ್ ಏರ್ ಗನ್ ಹಿಡಿದರೆ ಮೆಗ್ಗರ್ ಓದು ಚೆನ್ನಾಗಿಯೇ ಬರುತ್ತದೆ. ಬೆಳಗಿನ ಜಾವ ಫಾಲ್ಟ್ ಮತ್ತೆ ಹಾಜರ್. ನೀರು ಹೋಗಿದೆ, ಉಪ್ಪು ಹೋಗಿಲ್ಲ. ಮಳೆಗಾಲದಲ್ಲಿ ಡಬ್ಬಿಯ ಉಪ್ಪು ನೀರೊಡೆಯುವ ಹಾಗೆ ಟರ್ಮಿನಲ್ ಬೋರ್ಡಿನ ಮೇಲಿನ ಆ ತೆಳು ಪದರ ರಾತ್ರಿಯ ತೇವ ಹೀರಿ ಕರೆಂಟಿಗೆ ದಾರಿ ಮಾಡಿಕೊಡುತ್ತದೆ. ಸಿಹಿನೀರಿನಲ್ಲಿ ತೊಳೆದು, ಆಮೇಲೆ ಒಣಗಿಸಿ, ಗ್ಯಾಸ್ಕೆಟ್ ಬದಲಿಸಿ, ತೂತು ಮುಚ್ಚಿದರೆ ಮಾತ್ರ ಕೆಲಸ ಮುಗಿದಂತೆ. ಜೊತೆಗೆ ಮೋಟಾರಿನ ಸ್ಪೇಸ್ ಹೀಟರ್ ಬೆಚ್ಚಗಿದೆಯೇ ನೋಡಿ. ಮೋಟಾರು ನಿಂತಿರುವಾಗ ವೈಂಡಿಂಗಿಗೆ ತೇವ ಕೂರದಂತೆ ಕಾಯುವ ಆ ಪುಟ್ಟ ಹೀಟರ್ ಕೆಟ್ಟರೆ ಯಾವ ಅಲಾರಮ್ಮೂ ಬಾರದೇ ಇರಬಹುದು.

ಎಚ್ಚರಿಸುವ ಸಾಧನವೇ ಸತ್ತಿರುವ ಸಾಧ್ಯತೆಯನ್ನೂ ಮರೆಯಬಾರದು. 2010ರ ಸೆಪ್ಟೆಂಬರ್ 23ರಂದು ಬಾರ್ಸಿಲೋನಾ ಸಮೀಪಿಸುತ್ತಿದ್ದ ಕ್ವೀನ್ ಮೇರಿ 2 ಪ್ರಯಾಣಿಕ ಹಡಗಿನ ಹಾರ್ಮೋನಿಕ್ ಫಿಲ್ಟರಿನಲ್ಲಿ (ಕರೆಂಟಿನ ಅಲೆಯ ವಿಕಾರ ತಗ್ಗಿಸುವ ಸಾಧನ) ಕೆಪಾಸಿಟರ್ ಕೆಟ್ಟು ಸ್ಫೋಟವಾಗಿ ಇಡೀ ಹಡಗು ಬ್ಲ್ಯಾಕ್‌ಔಟ್ ಆಯಿತು. ಕೆಪಾಸಿಟರ್ ಹಾಳಾಗುತ್ತಿರುವುದನ್ನು ಮೊದಲೇ ತಿಳಿಸಬೇಕಿದ್ದ ವ್ಯವಸ್ಥೆ ವರ್ಷಗಳಿಂದ ಕೆಲಸ ಮಾಡುತ್ತಿರಲಿಲ್ಲವೆಂದು ಹಡಗು ಅಪಘಾತಗಳನ್ನು ತನಿಖೆ ಮಾಡುವ ಬ್ರಿಟನ್ನಿನ ಎಂಎಐಬಿ ಹೇಳಿತು. ಇನ್ಸುಲೇಷನ್ ಮಾನಿಟರಿನ ಟೆಸ್ಟ್ ಬಟನ್ ಒತ್ತಿ, ಅಲಾರಂ ಎಂಜಿನ್ ಕಂಟ್ರೋಲ್ ರೂಮಿನವರೆಗೂ ತಲುಪುತ್ತದೆಯೇ ಎಂದು ನೋಡಲು ಒಂದು ನಿಮಿಷ ಸಾಕು.

ಸಡಿಲ ತಂತಿಯದು ಇದರ ಅಣ್ಣತಮ್ಮನ ಕಥೆ. ಡಾಲಿ ಎಂಬ ಕಂಟೇನರ್ ಹಡಗು 2024ರ ಮಾರ್ಚ್ 26ರ ನಸುಕಿನಲ್ಲಿ ಕರೆಂಟು ಕಳೆದುಕೊಂಡು ಬಾಲ್ಟಿಮೋರಿನ ಫ್ರಾನ್ಸಿಸ್ ಸ್ಕಾಟ್ ಕೀ ಸೇತುವೆಗೆ ಬಡಿಯಿತು; ಸೇತುವೆಯ ಮೇಲೆ ಕೆಲಸದಲ್ಲಿದ್ದ 6 ಮಂದಿ ಸತ್ತರು. ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ ಎನ್‌ಟಿಎಸ್‌ಬಿಯ ತನಿಖೆ ಬಂದು ನಿಂತದ್ದು ಒಂದು ಸಿಗ್ನಲ್ ವೈರಿನ ಬಳಿ. ವೈರಿನ ಲೇಬಲ್ ಅಡ್ಡ ಬಂದು ಅದರ ತುದಿ ಟರ್ಮಿನಲ್ಲಿನೊಳಗೆ ಪೂರ್ತಿ ಕೂತಿರಲಿಲ್ಲ. ಪ್ಯಾನೆಲ್ ತೆರೆದಾಗ, ಕರೆಂಟು ಆರಿಸಿದ ಮೇಲೆ, ಪ್ರತಿ ತಂತಿಯನ್ನೂ ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದು ನೋಡಿ. ಸ್ಕ್ರೂ ಬಿಗಿಯಾಗಿರುವುದು ತಾಮ್ರದ ಮೇಲೋ, ಪ್ಲಾಸ್ಟಿಕ್ಕಿನ ಮೇಲೋ ಎಂಬುದು ಹೊರಗಿನಿಂದ ಕಾಣುವುದಿಲ್ಲ.

ಸಿಕ್ಕ ಫಾಲ್ಟನ್ನು ಸಮುದ್ರದಲ್ಲಿ ಸರಿಪಡಿಸಲಾಗದಿದ್ದರೆ ಆ ಸರ್ಕ್ಯೂಟನ್ನು ಬೇರ್ಪಡಿಸಿ, ಬ್ರೇಕರಿಗೆ ಟ್ಯಾಗ್ ಕಟ್ಟಿ, ಚೀಫ್ ಎಂಜಿನಿಯರಿಗೆ ತಿಳಿಸಿ. ಹ್ಯಾಂಡೋವರ್ ನೋಟಿನಲ್ಲಿ ಮೆಗಾಓಮ್ ಅಂಕಿಯ ಜೊತೆ ಅಳೆದ ಹೊತ್ತು, ಅಂದಿನ ಹವೆ, ಮೋಟಾರು ಬಿಸಿಯಿತ್ತೋ ತಣ್ಣಗಿತ್ತೋ ಎಂಬುದನ್ನೂ ಬರೆಯಿರಿ. ಮಧ್ಯಾಹ್ನದ ಬಿಸಿಲಿನ 20 ಮೆಗಾಓಮ್ ಓದಿ ನಿಶ್ಚಿಂತನಾದ ಮುಂದಿನವನಿಗೆ ರಾತ್ರಿ ಮಳೆಯಲ್ಲಿ ಅದೇ ಮೋಟಾರು ಅರ್ಧ ಮೆಗಾಓಮ್ ತೋರಿಸಬಾರದು.